ಬಡಗಿಯ ದವಡೆ

ನಮ್ಮ ಯಜಮಾನರು ಬಡಗಿ. ಯಾರ ಕೆಲಸವನ್ನೂ ಒಂದೇ ಸಲಕ್ಕೆ ಒಪ್ಪಿದವರಲ್ಲ. ಮಗಳು ಚಿಕ್ಕಂದಿನಲ್ಲಿ ಹಲಗೆ ಉಜ್ಜಿ ತಂದರೆ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಇನ್ನೂ ಸ್ವಲ್ಪ ಉಜ್ಜು" ಎನ್ನುತ್ತಿದ್ದರು. ನನ್ನ ಅಡುಗೆಯ ಮುಂದೆಯೂ ಅದೇ ಮುಖ.

ಇಂಥವರ ಕೆಳದವಡೆಯೊಳಗೆ ಗಂಟು ಬೆಳೆಯಿತು. ಗಂಟಿರುವಷ್ಟು ಮೂಳೆ ಕತ್ತರಿಸಿ ತೆಗೆಯದಿದ್ದರೆ ದವಡೆಯೇ ಮುರಿಯುತ್ತದೆ ಎಂದರು ಡಾಕ್ಟರು. ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಗರಗಸ ಎಲ್ಲಿ ಸೀಳತ್ತೆ ಅಂತ ನಂಗೊತ್ತಿಲ್ವಾ? ನನ್ನ ಬಾಯಿಗೆ ಅದು ಬೇಡ."

ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟು. "ಹಾಗಾದ್ರೆ ದವಡೆ ಮುರ್ಕೊಂಡು ನೀರು ಕುಡ್ಕೊಂಡೇ ಇರಿ," ಎಂದುಬಿಟ್ಟೆ.

ಮಗಳು ಅದೇ ಆಸ್ಪತ್ರೆಯಲ್ಲಿ ಲೇಸರ್ ಯಂತ್ರ ನಡೆಸುವವಳು. "ಅಪ್ಪಾ, ಬೆಳಕಲ್ಲೇ ಕತ್ತರಿಸ್ತೀವಿ. ನೀನೇ ಬಂದು ನೋಡು," ಎಂದಳು. ಆ ಬೆಳಕಿನ ಒಂದೊಂದು ಮಿಂಚೂ ಎಷ್ಟು ಚುಟುಕೆಂದರೆ, ಬಿಸಿ ಸುತ್ತ ಹರಡುವ ಮೊದಲೇ ಮೂಳೆಯ ಕಣ ಹಾರಿಹೋಗಿರುತ್ತದಂತೆ.

ಆಸ್ಪತ್ರೆಗೆ ಹೋದಾಗ ನಮಗೆ ಕನ್ನಡಕ ಹಾಕಿಸಿ, ಮಾಂಸದ ಅಂಗಡಿಯಿಂದ ತಂದ ಮೂಳೆಯನ್ನು ಯಂತ್ರದ ಕೆಳಗಿಟ್ಟಳು. ಯಂತ್ರ ಟಿಕಟಿಕ ಎನ್ನುತ್ತ ಪದರ ಪದರವಾಗಿ ಕೊರೆಯತೊಡಗಿತು.

"ಇದೇನೇ, ಇಲಿ ಕೆರ್ದ ಹಾಗೆ! ಇಷ್ಟೊತ್ತಿಗೆ ನಾನು ಬಾಗಿಲೇ ಕೂರಿಸ್ತಿದ್ದೆ," ಎಂದರು ಯಜಮಾನರು.

ಮಗಳಿಗೆ ರೋಷ ಬಂತು. ಇವರ ಮಗಳೇ ಅಲ್ಲವೇ! ಯಂತ್ರದ ಶಕ್ತಿ, ವೇಗ ಎರಡನ್ನೂ ಏರಿಸಿದಳು. ಕೋಣೆಯ ತುಂಬ ಕೂದಲು ಸುಟ್ಟ ವಾಸನೆ. ಯಂತ್ರ ನಿಲ್ಲಿಸಿ ನೋಡಿದರೆ ಮೂಳೆಯ ಅಂಚು ಕರಿ ಹಿಡಿದಿತ್ತು.

"ಇದು ಬೇಡ ಕಣಮ್ಮ," ಎಂದು ಇವರು ಎದ್ದೇಬಿಟ್ಟರು. ಮಗಳ ಮುಖ ಸಪ್ಪಗಾಯಿತು. ಈ ಬಾಗಿಲು ದಾಟಿದರೆ ಇವರು ಮತ್ತೆ ಬರುವವರಲ್ಲ.

ರಟ್ಟೆ ಹಿಡಿದು ಕೂರಿಸಿದೆ. "ಅವಸರ ಮಾಡ್ಸಿದ್ದು ನೀವು. ಈಗ ಬಾಯ್ಮುಚ್ಕೊಂಡು ಕಾಯೋದೂ ನೀವೇ!"

ಮಗಳು ಯಂತ್ರವನ್ನು ಮೊದಲಿನ ಹದಕ್ಕೆ ಇಳಿಸಿ ಬೇರೆ ಮೂಳೆ ಇಟ್ಟಳು. ಯಜಮಾನರು ಕೈಕಟ್ಟಿ ಕೂತು ನೋಡಿದರು. ಮುಗಿದ ಮೇಲೆ ಆ ಮೂಳೆಯ ಎರಡೂ ತುಂಡು ಜೋಡಿಸಿ, ಒಂದು ಕಣ್ಣು ಮುಚ್ಚಿ ದೀಪಕ್ಕೆ ಹಿಡಿದರು. ಮೂಸಿ ನೋಡಿದರು; ಈ ಸಲ ಕರಿಯೂ ಇಲ್ಲ, ಸುಟ್ಟ ವಾಸನೆಯೂ ಇಲ್ಲ.

"ಸರಿ, ಮಾಡಿ. ಆದ್ರೆ ನನ್ನಿಂದ ತೆಗ್ದ ಚೂರನ್ನ ನಂಗೆ ತೋರಿಸ್ಬೇಕು."

ಆಪರೇಷನ್ ಚೆನ್ನಾಗಿಯೇ ಆಯಿತು. ದವಡೆಗೆ ತಂತಿ ಬಿಗಿದಿದ್ದರಿಂದ ಮಾತು ಬಂದ್. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ರಜೆ. ಎಚ್ಚರವಾದವರೇ ಕೈಸನ್ನೆ ಮಾಡಿ ಚೂರು ತರಿಸಿಕೊಂಡರು. ಮಗಳು ಮಂಚದ ಪಕ್ಕ ಬಂದು ನಿಂತಳು. ಹೆಬ್ಬೆರಳು ಅಂಚಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

"ಇನ್ನೂ ಸ್ವಲ್ಪ ಉಜ್ಜಬೇಕಿತ್ತಾ, ಅಪ್ಪಾ?"

ಅವರು ಬೇಡವೆಂದು ತಲೆಯಾಡಿಸಿ, ಆ ಹೆಬ್ಬೆರಳಿನಿಂದಲೇ ಮಗಳ ಕೆನ್ನೆಯ ಕಣ್ಣೀರು ಒರೆಸಿದರು.