ದಾರಿಯಲ್ಲಿ ಬೀಳದ ಡಬ್ಬಿ

ಆ ವರ್ಷ ದೀಪಾವಳಿ ಭಾನುವಾರವೇ ಬಂದಿತ್ತು. ಅಂದು ನಮ್ಮ ಚರ್ಚಿನ ಬಲಿಪೂಜೆಯಲ್ಲಿ ಓದಲು ನಿಗದಿಯಾಗಿದ್ದ ಶುಭಸಂದೇಶವೂ ದೀಪದ್ದೇ, ಕ್ರಿಸ್ತರು ಹೇಳಿದ ಕಥೆ. ಮದುಮಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಮಂದಿ ಕನ್ಯೆಯರು. ಐವರ ಬಳಿ ಎಣ್ಣೆ ಇತ್ತು, ಐವರು ಮರೆತು ಬಂದಿದ್ದರು, ಮರೆತವರಿಗೆ ಬಾಗಿಲು ಮುಚ್ಚಿತು. ಇಂಥ ಹೊಂದಿಕೆ ಪಾದ್ರಿಯ ಬದುಕಿನಲ್ಲಿ ಅಪರೂಪ. ನಾನು ವಾರವಿಡೀ ಪ್ರಬೋಧನೆ ಬರೆದೆ, ತಿದ್ದಿದೆ, ಮತ್ತೆ ಬರೆದೆ. ಸಿದ್ಧತೆಯಿಲ್ಲದೆ ದೇವರ ಮುಂದೆ ಬರುವವರ ಬಗ್ಗೆ ಅದರಲ್ಲಿ ಕಟುವಾದ ಮಾತುಗಳಿದ್ದವು. ಹಾಗೆ ಬರೆಯಲು ಕಾರಣವೂ ಇತ್ತು. ಗಜೇಂದ್ರಗಡದಲ್ಲಿ ಜನ ಪೂಜೆಗೆ ತಡವಾಗಿ ಬರುತ್ತಿದ್ದರು.

ನಾನಿರುವುದು ರೋಣದಲ್ಲಿ. ಬೆಳಿಗ್ಗೆ ಅಲ್ಲಿಯ ಸಣ್ಣ ಚರ್ಚಿನಲ್ಲಿ ಪೂಜೆ ಮುಗಿಸಿ, ಮಧ್ಯಾಹ್ನ ಬೈಕ್ ಹತ್ತಿ ಒಂದು ವಾರ ನರಗುಂದಕ್ಕೆ, ಇನ್ನೊಂದು ವಾರ ಗಜೇಂದ್ರಗಡಕ್ಕೆ ಹೋಗುತ್ತೇನೆ. ಗಜೇಂದ್ರಗಡದಲ್ಲಿ ನಮಗೆ ಚರ್ಚಿಲ್ಲ. ಬಸ್ ಡ್ರೈವರ್ ಒಬ್ಬರ ಮನೆಯ ಪಡಸಾಲೆಯಲ್ಲೇ ಪೂಜೆ. ಅವರ ಹೆಂಡತಿ ದವಾಖಾನೆಯಲ್ಲಿ ನರ್ಸು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಟಿವಿಗೆ ಒಂದು ಟವೆಲ್ ಹೊದಿಸಿದರೆ ಅದೇ ನಮ್ಮ ಗುಡಿ.

ಆ ದಿನ ಪಡಸಾಲೆ ತುಂಬಿತ್ತು. ರಜೆಗೆಂದು ಊರಿಗೆ ಬಂದವರೂ ಇದ್ದರು. ಗುಡ್ಡದಾಚೆಯ ಕಲ್ಲು ಕ್ವಾರಿಯಲ್ಲಿ ದುಡಿಯುವ ಗಂಡ ಹೆಂಡತಿ, ಯಾವಾಗಲೂ ತಡವಾಗಿ ಬಂದು ನನ್ನಿಂದ ಬೈಸಿಕೊಳ್ಳುವವರು, ಅಂದು ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ.

ನಾನು ಬ್ಯಾಗು ತೆರೆದೆ. ಪೂಜಾಪಾತ್ರೆ ಇತ್ತು, ಪುಸ್ತಕವಿತ್ತು, ಉಡುಪು ಇತ್ತು, ನನ್ನ ಪ್ರಬೋಧನೆಯ ಹಾಳೆಗಳಿದ್ದವು. ಸ್ಟೀಲ್ ಡಬ್ಬಿ ಇರಲಿಲ್ಲ. ಓಸ್ತಿಯನ್ನೂ, ಅಂದರೆ ಗೋಧಿಹಿಟ್ಟಿನ ತೆಳುವಾದ ಬಿಲ್ಲೆಗಳನ್ನೂ, ದ್ರಾಕ್ಷಾರಸದ ಪುಟ್ಟ ಶೀಸೆಯನ್ನೂ ನಾನು ಒಯ್ಯುವುದು ಅದರಲ್ಲೇ. ಅವೆರಡಿಲ್ಲದೆ ಬಲಿಪೂಜೆಯೇ ಇಲ್ಲ.

ಡಬ್ಬಿ ಎಲ್ಲಿದೆಯೆಂದು ಆ ಕ್ಷಣವೇ ಹೊಳೆಯಿತು. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲೆಂದು ಬೆಳಿಗ್ಗೆ ಅದನ್ನು ಪ್ರಬೋಧನೆಯ ಮೇಲಿಟ್ಟಿದ್ದೆ. ಹೊರಡುವಾಗ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹಾಳೆಗಳನ್ನು ಮಾತ್ರ ಎತ್ತಿಕೊಂಡಿದ್ದೆ.

ಆದರೂ ಬ್ಯಾಗಿನೊಳಗೆ ಕೈಯಾಡಿಸುತ್ತಲೇ ಇದ್ದೆ. ನರ್ಸಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಏನ್ ಹುಡುಕಾಕತ್ತೀರಿ, ಫಾದರ್?"

"ಓಸ್ತಿಯ ಡಬ್ಬಿ ಕಾಣುತ್ತಿಲ್ಲ."

"ತಂದಿದ್ರೇನ್ರಿ?"

"ತಂದಿದ್ದೆ. ಬ್ಯಾಗಿನ ಜಿಪ್ ಕೆಟ್ಟಿದೆ ನೋಡಿ. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು."

ಜಿಪ್ ಕೆಟ್ಟಿದ್ದು ನಿಜ. ಆದ್ದರಿಂದಲೇ ಸುಳ್ಳು ಅಷ್ಟು ಸಲೀಸಾಗಿ ಬಂತು. ಮರೆತೆ ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮರೆತವರ ಮೇಲೆ ಬರೆದ ಹಾಳೆಗಳು ಆಗ ನನ್ನ ಕೈಯಲ್ಲೇ ಇದ್ದವು.

ಮಾತು ಅಲ್ಲಿಗೇ ಮುಗಿಯುತ್ತದೆ, ಅಯ್ಯೋ ಪಾಪ ಎನ್ನುತ್ತಾರೆ, ಜಪ ಹೇಳಿ ಮನೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಆದರೆ ಮುಂದಿನ ಸಾಲಿನಿಂದ ಕ್ವಾರಿಯವನು ಎದ್ದು ನಿಂತ.

"ಹಾದ್ಯಾಗ ಬಿದ್ದೈತೇನ್ರಿ? ಮಂದಿ ಕಾಲಾಗ ಸಿಕ್ಕೀತ್ರಿ. ನಾ ನೋಡ್ಕೊಂಡ ಬರ್ತೀನಿ."

"ಬೇಡ ಬಿಡಿ" ಎಂದೆ. "ಅದಿನ್ನೂ ಬರೀ ರೊಟ್ಟಿ. ಪೂಜೆಯಲ್ಲಿ ಇಟ್ಟ ಮೇಲೆ ತಾನೇ ಪ್ರಭುವಿನ ಶರೀರವಾಗುವುದು."

"ಇನ್ನಾ ಆಗಿಲ್ಲ, ಖರೇ. ಆಗೂದಿತ್ತಲ್ರಿ" ಎಂದ ಅವನು.

ಮನೆಯ ಯಜಮಾನರು ಅಷ್ಟರಲ್ಲೇ ಬೈಕಿನ ಕೀಲಿ ತೆಗೆದುಕೊಂಡಿದ್ದರು. "ನಡಿಯೋ, ನಾನೂ ಬರ್ತೀನಿ. ಫಾದರ್, ರೋಣದ ರಸ್ತಾದಾಗ ಬಂದ್ರಲ್ಲಾ? ಎಡಕ್ಕ ಬಲಕ್ಕ ನೋಡ್ಕೋಂತ ಹೋಗ್ತೀವಿ. ಲಗೂ ಬರ್ತೀವ್ರಿ."

ನಾನು ಇನ್ನೊಮ್ಮೆ ಬೇಡವೆಂದೆ. ಯಾರನ್ನೂ ತಡೆಯಲಾರದಂಥ ದನಿಯಲ್ಲಿ ಎಂದೆ. ಬೈಕು ಓಣಿ ದಾಟಿದ ಸದ್ದು ಕೇಳಿತು.

ಅವರು ಬರುವವರೆಗೆ ಶುಭಸಂದೇಶ ಓದಿ ಎಂದು ಯಾರೋ ಹೇಳಿದರು. ಓದಿದೆ. ಓಣಿಯಲ್ಲಿ ಹೆಣ್ಣುಮಕ್ಕಳು ಹಣತೆ ತೊಳೆದು ಬಿಸಿಲಿಗಿಟ್ಟಿದ್ದರು, ಕಿಟಕಿಯಿಂದ ಕಾಣುತ್ತಿತ್ತು. "ನಮ್ಮ ದೀಪಗಳು ಆರಿಹೋಗುತ್ತಿವೆ" ಎಂಬಲ್ಲಿ ಸಾಲು ತಪ್ಪಿ ಅದನ್ನೇ ಎರಡು ಸಲ ಓದಿದೆ. ಪ್ರಬೋಧನೆಯನ್ನು ಮಡಚಿ ಅಂಗಿಯ ಜೇಬಿಗೆ ತುರುಕಿ ಕುಳಿತುಬಿಟ್ಟೆ. ಡಬ್ಬಿ ಕಳೆದ ದುಃಖಕ್ಕೆ ಫಾದರಿಗೆ ಮಾತು ಹೊರಡುತ್ತಿಲ್ಲ ಎಂದು ಜನ ತಿಳಿದರು. ನರ್ಸಮ್ಮ ಒಂದು ಲೋಟ ನೀರು ತಂದುಕೊಟ್ಟರು. ಅದನ್ನೂ ಕುಡಿದೆ.

ಆಗ ಕ್ವಾರಿಯವನ ಹೆಂಡತಿ ಮೊಣಕಾಲೂರಿದಳು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೊಬ್ಬರಿದ್ದಾರೆ. ನಮ್ಮ ಮನೆಗಳಲ್ಲಿ ಕೀಲಿ ಕಳೆದರೂ ಅವರಿಗೆ ಮೊರೆ. ಆಕೆ ಅವರ ಪ್ರಾರ್ಥನೆ ಶುರುಮಾಡಿದಳು. "ನಮ್ಮ ಫಾದರ್ ಡಬ್ಬಿ ಹಾದ್ಯಾಗ ಬಿದ್ದೈತಿ. ನಮ್ಮ ಮನಿಯವ್ರ ಕಣ್ಣಿಗೆ ತೋರ್ಸಪ್ಪಾ" ಎಂದು ನಡುವೆ ತನ್ನ ಮಾತನ್ನೂ ಸೇರಿಸಿದಳು. ಎಲ್ಲರೂ "ನಮಗಾಗಿ ಪ್ರಾರ್ಥಿಸಿರಿ" ಎಂದರು. ರೂಢಿಯಂತೆ ನನ್ನ ಬಾಯಿಯೂ ಹೇಳಿತು. ಎರಡನೆಯ ಸಲ ಹೇಳಲಾಗಲಿಲ್ಲ.

"ನಿಲ್ಲಿಸಮ್ಮ" ಎಂದೆ. "ಡಬ್ಬಿ ಬಿದ್ದಿಲ್ಲ. ರೋಣದಲ್ಲಿ ನನ್ನ ಮೇಜಿನ ಮೇಲಿದೆ. ಮರೆತು ಬಂದೆ. ನಿಮಗೆ ಸುಳ್ಳು ಹೇಳಿದೆ."

ಒಬ್ಬಿಬ್ಬರು ನೆಲ ನೋಡಿದರು, ತಪ್ಪು ತಮ್ಮದೇ ಎಂಬಂತೆ. ನಾನು ಡ್ರೈವರ್‌ಗೆ ಫೋನ್ ಹಚ್ಚಿದೆ. ಟಿವಿಯ ಮೇಲಿನ ಟವೆಲಿನಡಿಯಲ್ಲಿ ಅದು ರಿಂಗಾಯಿತು. ಕ್ವಾರಿಯವನ ಹತ್ತಿರ ಫೋನೇ ಇಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ಡ್ರೈವರ್ ತಾಯಿ ಆಗ ಬಾಯಿ ತೆರೆದರು. "ಮುಂಜಾನಿಂದ ಇಬ್ರೂ ಏನೂ ತಿಂದಿಲ್ರಿ. ಪ್ರಸಾದ ತಗೊಂಡ ಮ್ಯಾಲೆ ಉಣ್ಣೂದಂತ ಕೂತಿದ್ರು."

ನಾನು ಬೈಕ್ ಹತ್ತಿ ರೋಣದ ದಾರಿ ಹಿಡಿದೆ.

ಊರು ದಾಟಿದ ಮೇಲೆ ಎರಡೂ ಕಡೆ ಎರೆಹೊಲ. ಜೋಳ ಮೊಣಕಾಲುದ್ದ ಎದ್ದಿತ್ತು. ಹಿಂದೆ ಗುಡ್ಡದ ಮೇಲೆ ಗಾಳಿಫ್ಯಾನುಗಳು ನಿಧಾನ ತಿರುಗುತ್ತಿದ್ದವು. ದಾರಿಯಲ್ಲಿ ಕುರಿ ಕಾಯುವವನೊಬ್ಬ ಕೈಯಡ್ಡ ಹಾಕಿ ನಿಲ್ಲಿಸಿ, "ನೀವೂ ಡಬ್ಬಿ ಹುಡುಕಾಕ ಹೊಂಟೀರೇನ್ರಿ? ಇಲ್ಲೆಲ್ಲಾ ನಾನೂ ನೋಡೀನ್ರಿ, ಇಲ್ಲ" ಎಂದ. ನನ್ನ ಸುಳ್ಳು ನನಗಿಂತ ಮುಂದೆ ಓಡಿತ್ತು. ಅವನಿಗೆ ಏನು ಹೇಳಿದೆನೋ ನೆನಪಿಲ್ಲ.

ಒಂದು ಸಣ್ಣ ಸೇತುವೆಯ ಬಳಿ ಬೈಕು ನಿಂತಿತ್ತು. ಡ್ರೈವರ್ ರಸ್ತೆಯ ಅಂಚಿನ ಹುಲ್ಲನ್ನು ಕೋಲಿನಿಂದ ಸರಿಸುತ್ತಿದ್ದರು. ಕ್ವಾರಿಯವನು ಕೆಳಗೆ ಜಾಲಿಕಂಟಿಯ ನಡುವೆ ಬಗ್ಗಿದ್ದ. ಹಬ್ಬದ ಅಂಗಿಯ ತೋಳು ಮುಳ್ಳಿಗೆ ಸಿಕ್ಕಿ ಹರಿದಿತ್ತು. ನನ್ನನ್ನು ಕಂಡು ಮೇಲೆ ಹತ್ತಿ ಬಂದ.

"ಸಿಕ್ತೇನ್ರಿ?" ಎಂದು ಅವನೇ ಕೇಳಿದ. ಮುಖ ಅರಳಿತ್ತು.

ಬೈಕಿನಿಂದ ಇಳಿದು ಇಬ್ಬರಿಗೂ ಹೇಳಿದೆ. ಪಡಸಾಲೆಯಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು. ಅಲ್ಲಿ ಹೇಳುವಾಗ ನನ್ನ ಹಿಂದೆ ಮೇಜಿತ್ತು, ಬಿಳಿ ಬಟ್ಟೆಯಿತ್ತು. ಇಲ್ಲಿ ಟ್ರ್ಯಾಕ್ಟರ್ ಒಂದು ದೂಳೆಬ್ಬಿಸಿ ಹೋಯಿತು. ಹೇಳುತ್ತಿದ್ದ ಮಾತನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಡ್ರೈವರ್ ಕೋಲನ್ನು ಗಟಾರಕ್ಕೆ ಎಸೆದರು. "ಫಾದರ್, ನಾ ಬಸ್ಸಿನ್ಯಾಗ ದಿನಾ ಸುಳ್ಳ ಕೇಳ್ತೀನ್ರಿ. ನಿಮ್ಮ ಬಾಯಾಗ ಕೇಳ್ತೀನಿ ಅನ್ಕೊಂಡಿರ್ಲಿಲ್ಲ."

"ಈಗಲೇ ರೋಣಕ್ಕೆ ಹೋಗಿ ತರುತ್ತೇನೆ. ಸಂಜೆ ಪೂಜೆ ಮಾಡೋಣ."

"ಇನ್ನ ಬ್ಯಾಡ್ರಿ. ಮಂದಿ ಹಸದೈತಿ."

ಅವರು ಬೈಕು ಚಾಲೂ ಮಾಡಿದರು. ಕ್ವಾರಿಯವನು ಹತ್ತಲಿಲ್ಲ, ನನ್ನ ಹತ್ತಿರವೇ ನಿಂತಿದ್ದ. ಅಂಗೈಗೆ ಚುಚ್ಚಿದ್ದ ಮುಳ್ಳನ್ನು ಹಲ್ಲಿನಿಂದ ಕಚ್ಚಿ ತೆಗೆದು, "ಚಲೋ ಆತ್ ಬಿಡ್ರಿ" ಎಂದ. "ಸಿಗಲಿಲ್ಲ ಅಂತ ನಿಮಗ ಹ್ಯಾಂಗ ಹೇಳ್ಲಿ ಅಂತ ಆವಾಗಿಂದ ಅದ ಚಿಂತಿ ಹತ್ತಿತ್ತು ನನಗ."

ಅವನನ್ನು ಹಿಂದೆ ಕೂರಿಸಿಕೊಂಡು ಊರಿಗೆ ಬಂದೆ. ದಾರಿಯುದ್ದಕ್ಕೂ ಬಿದ್ದುಬಿಡದಂತೆ ನನ್ನ ಹೆಗಲು ಹಿಡಿದಿದ್ದ. ಬೈದಿದ್ದರೆ ಸಹಿಸಬಹುದಿತ್ತು.

ಆ ದಿನ ಪೂಜೆಯಾಗಲಿಲ್ಲ. ಜಪ ಹೇಳಿದೆವು. ನರ್ಸಮ್ಮ ಎಲ್ಲರಿಗೂ ಬಡಿಸಿದರು. ನನ್ನ ತಟ್ಟೆಗೂ ಶೇಂಗಾ ಹೋಳಿಗಿ ಹಾಕಿ, "ಉಣ್ರಿ, ಫಾದರ್" ಎಂದರು. ಎಂದಿನ ದನಿಯಲ್ಲೇ ಎಂದರು. ನಾನು ತಲೆ ಎತ್ತದೆ ಉಂಡೆ.

ಮುಂದೆ ಒಬ್ಬ ಹಿರಿಯ ಗುರುಗಳ ಬಳಿ ಪಾಪನಿವೇದನೆ ಮಾಡಿಕೊಂಡೆ. ಅವರಿಗೆ ನಗು ತಡೆಯಲಾಗಲಿಲ್ಲ. "ನೀನು ಜನರಿಗೂ ಹೇಳಿದ್ದೀಯ, ದೇವರಿಗೂ ಹೇಳಿದ್ದೀಯ. ಇನ್ನೇನು?" ಎಂದು ಕ್ಷಮೆ ಘೋಷಿಸಿದರು. ಕ್ಷಮೆ ಸಿಕ್ಕಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾಚಿಕೆ ಅದರೊಂದಿಗೆ ಹೋಗಲಿಲ್ಲ, ಅಷ್ಟೆ. ಇಷ್ಟು ವರ್ಷ ಪಾಪನಿವೇದನೆಗೆ ಬಂದವರಿಗೆ "ಸಮಾಧಾನದಿಂದ ಹೋಗಿ" ಎಂದು ಕಳಿಸಿದ್ದೆ. ಅವರು ಹೊರಗೆ ಹೋಗಿ ಯಾರ ಮುಖ ನೋಡಬೇಕಾಗಿತ್ತು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಮುಂದಿನ ಸಲ ಗಜೇಂದ್ರಗಡಕ್ಕೆ ಹೋದಾಗ ಡ್ರೈವರ್ ಕಾಣಲಿಲ್ಲ. "ಡ್ಯೂಟಿ ಐತ್ರಿ" ಎಂದರು ನರ್ಸಮ್ಮ. ಗಂಡನ ಖಾಕಿ ಅಂಗಿ ಬಾಗಿಲ ಹಿಂದಿನ ಗೂಟದಲ್ಲೇ ನೇತಾಡುತ್ತಿತ್ತು. ಅದನ್ನು ನಾನು ನೋಡಿದ್ದನ್ನು ನರ್ಸಮ್ಮನೂ ನೋಡಿದರು. ನನ್ನಿಂದಾಗಿ ಆ ಮನೆಯಲ್ಲಿ ಒಂದು ಸುಳ್ಳು ಹುಟ್ಟಿತ್ತು. ಕ್ರಿಸ್ಮಸ್ಸಿಗೂ ಡ್ರೈವರ್‌ಗೆ ಡ್ಯೂಟಿಯೇ.

ಪಾಸ್ಕದ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಅವರು ಬಂದರು. ಹಿಂದೆ, ಚಪ್ಪಲಿ ಬಿಡುವಲ್ಲಿ ನಿಂತಿದ್ದರು. ಪರಮಪ್ರಸಾದದ ಸಾಲು ಮುಗಿಯುತ್ತ ಬಂದಾಗ ಎಲ್ಲರಿಗಿಂತ ಕೊನೆಗೆ ಮುಂದೆ ಬಂದು, ಬಲಗೈ ಮೇಲೆ ಎಡಗೈಯಿಟ್ಟು ಚಾಚಿದರು. ಸ್ಟೇರಿಂಗ್ ಹಿಡಿದು ದಡ್ಡುಗಟ್ಟಿದ ಅಂಗೈ.

"ಕ್ರಿಸ್ತರ ಶರೀರ" ಎಂದೆ.

"ಆಮೆನ್" ಎಂದರು. ಕಣ್ಣು ತಮ್ಮ ಅಂಗೈಯ ಮೇಲಿತ್ತು, ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.