ಬಾಂಬರ್ಗಿನ ಚರ್ಚಿನಲ್ಲಿ ನಾನು ನಿಂತಿದ್ದ ಜಾಗ

ಜರ್ಮನಿಯ ಬಾಂಬರ್ಗ್ ಎಂಬ ಹಳೆಯ ಊರಿನ ದೊಡ್ಡ ಚರ್ಚಿನಲ್ಲಿ, ನಮ್ಮ ಕಡೆಯ ಹಿರಿಯರೊಬ್ಬರು ಲಿಂಗಪೂಜೆಗೆ ಕೂತಾಗ ನಾನು ಅವರಿಗೆ ಕಾವಲು ನಿಂತಿದ್ದೆ ಎಂದು ಅಜ್ಜಂಪುರದಲ್ಲಿ ಬಹಳ ಜನ ನಂಬಿದ್ದಾರೆ. ನಾನು ನಿಂತಿರಲಿಲ್ಲ. ಇದನ್ನು ಬರೆದಿಡಬೇಕು ಅನ್ನಿಸಿದ್ದು ಈಚೆಗೆ. ಜನ ಹೇಳುವುದನ್ನು ಕೇಳಿ ಕೇಳಿ, ನಿಂತಿದ್ದೆ ಎಂದೇ ನನಗೂ ನೆನಪಾಗತೊಡಗಿದೆ. ಆ ಹಿರಿಯರು ಈಗಿಲ್ಲ. ಬರೆದರೆ ಅವರಿಗೆ ನೋವಾಗುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಡೂರಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಕಡೂರು, ಬೀರೂರು, ಅಜ್ಜಂಪುರದ ಹದಿನೆಂಟು ಜನ ಅನುಕೂಲಸ್ಥರು ಸೇರಿ ಯುರೋಪಿಗೆ ಸ್ನೇಹಪ್ರವಾಸ ಹೊರಟರು. ಯಾರ ಸ್ನೇಹ, ಯಾರ ಜೊತೆ ಎಂದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ. ಫಾರಂ ತುಂಬಲು, ಊಟದ ಪಟ್ಟಿ ಓದಿ ಹೇಳಲು ಇಂಗ್ಲಿಷ್ ಬರುವ ಒಬ್ಬ ಬೇಕಾಗಿದ್ದ, ನನ್ನನ್ನು ಸೇರಿಸಿಕೊಂಡರು. ನಾನಾದರೋ ಮೈಸೂರಿನಲ್ಲಿ ಎಂ.ಎ. ಓದುವಾಗ ಯುರೋಪಿನ ಶಿಲ್ಪಕಲೆಯ ಮೇಲೆ ಒಂದು ಪೇಪರು ಬರೆದವನು. ಈ ಗುಂಪಿನಲ್ಲಿ ಕಣ್ಣಿರುವವನು ನಾನೊಬ್ಬನೇ ಎಂಬ ಗರ್ವದಲ್ಲಿ ವಿಮಾನ ಹತ್ತಿದೆ. ತರೀಕೆರೆಯ ಹತ್ತಿರ ಅಮೃತಾಪುರದಲ್ಲಿ, ಹೆಚ್ಚುಕಡಿಮೆ ಬಾಂಬರ್ಗಿನ ಚರ್ಚಿನಷ್ಟೇ ಹಳೆಯ ಹೊಯ್ಸಳ ಗುಡಿ ಇದೆ. ಅದನ್ನು ನಾನು ಅಷ್ಟರೊಳಗೆ ನೋಡಿದ್ದು ಎರಡು ಸಲ. ಅದರಲ್ಲೂ ಒಂದು ಸಲ ಬಸ್ಸು ಅಲ್ಲಿ ಕೆಟ್ಟು ನಿಂತಿತ್ತು.

ನಾನು ಹೇಳುತ್ತಿರುವ ಹಿರಿಯರು ಅಜ್ಜಂಪುರದ ಕೊಬ್ಬರಿ ವರ್ತಕರು, ಆಗ ಅರವತ್ತರ ಹತ್ತಿರ. ಎಂಟನೇ ವಯಸ್ಸಿಗೆ ಮಠದಲ್ಲಿ ದೀಕ್ಷೆಯಾಗಿತ್ತು. ಅಲ್ಲಿಂದೀಚೆಗೆ ಪೂಜೆ ಮಾಡದೆ ಒಂದು ಹನಿ ನೀರು ಕುಡಿದವರಲ್ಲ ಎಂದು ಅವರ ಮನೆಯವರು ನನಗೆ ಬೀರೂರು ಸ್ಟೇಷನ್ನಿನಲ್ಲೇ ಹೇಳಿ, "ನೋಡ್ಕಳಿ ಮೇಷ್ಟ್ರೇ" ಎಂದು ಒಪ್ಪಿಸಿದ್ದರು. ಬೇಕಾಗಿದ್ದುದು ಒಂದು ತಂಬಿಗೆ ನೀರು, ಕೂರಲು ಚೊಕ್ಕಟ ನೆಲ, ಹತ್ತು ನಿಮಿಷ.

ಬಾಂಬರ್ಗಿಗೆ ಹೊರಟ ದಿನ ಆ ಹತ್ತು ನಿಮಿಷವನ್ನು ಕಿತ್ತುಕೊಂಡವನು ನಾನೇ. ಬೆಳಗ್ಗೆ ಐದಕ್ಕೆ ಬಸ್ಸು. ಅವರು ಸ್ನಾನ ಮುಗಿಸಿ ವಿಭೂತಿ ಹೊರತೆಗೆಯುತ್ತಿದ್ದಾಗ ನಾನು ಹೋಗಿ ಅವರ ಹೋಟೆಲ್ ಕೋಣೆಯ ಬಾಗಿಲು ಬಡಿದೆ.

"ಯಜಮಾನ್ರೇ, ಬಸ್ ಬಂದ್ಬಿಡ್ತು."

"ಒಂದ್ ಗಳಿಗೆ ತಾಳಿ, ಪೂಜೆ ಮುಗಿಸ್ಕಂಡು ಬತ್ತೀನಿ."

"ಅಲ್ಲಿಗೆ ಹೋಗಿ ಮಾಡಿದ್ರಾಯ್ತು. ಒಳ್ಳೇ ಜಾಗ ತೋರಿಸ್ತೀನಿ, ಬನ್ನಿ."

ಅವರು ನಂಬಿ ಬಂದರು. ಬಸ್ಸು ಬಂದದ್ದು ಅರ್ಧ ಗಂಟೆ ತಡವಾಗಿ.

ಆ ದಿನದ ಡೈರಿ ಈಗಲೂ ನನ್ನ ಹತ್ತಿರ ಇದೆ. ಚರ್ಚಿನ ನಾಲ್ಕು ಗೋಪುರ, ಎರಡು ಕಡೆ ಎರಡು ಪೂಜಾಸ್ಥಾನ, ಕಂಬಕ್ಕೆ ಆತುಕೊಂಡ ಕಲ್ಲಿನ ಕುದುರೆ ಸವಾರ, ಅವನು ಯಾರೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ ಎಂಬ ಟಿಪ್ಪಣಿ, ಎಲ್ಲ ಚೊಕ್ಕವಾಗಿ ಬರೆದುಕೊಂಡಿದ್ದೇನೆ. ಹಸಿದಿದ್ದ ಮನುಷ್ಯನ ವಿಷಯ ಒಂದಕ್ಷರವೂ ಇಲ್ಲ. ಹಾಗಾಗಿ ಮುಂದಿನದು ಬರೀ ನೆನಪು. ಡೈರಿ ಸಣ್ಣ ಮಳೆ ಎನ್ನುತ್ತದೆ, ನನ್ನ ನೆನಪಿನಲ್ಲಿ ಬಿಸಿಲಿದೆ.

ಊರಿನ ನಡುವೆ ನದಿ. ನದಿಯ ನಡುವೆ, ಸೇತುವೆಯ ಮೇಲೆ ಕೂತಂತೆ ಹಳೆಯ ಪುರಭವನ. ಅದರ ಗೋಡೆಯ ಮೇಲೆ ಬಣ್ಣದ ಚಿತ್ರಗಳು. ಒಂದು ಪುಟ್ಟ ದೇವದೂತನ ಕಾಲು ಮಾತ್ರ ಚಿತ್ರದಿಂದ ಹೊರಗೆ ಚಾಚಿಕೊಂಡಿದೆ, ಕಲ್ಲಿನದು. ನಮ್ಮ ಗೈಡು ಅದನ್ನು ತೋರಿಸಿ ಏನೋ ಹೇಳಿ ತಾನೇ ಮೊದಲು ನಕ್ಕ. ಆ ಮಾತನ್ನು ದಿನಕ್ಕೆ ನಾಲ್ಕು ಸಲದಂತೆ ಎಷ್ಟು ವರ್ಷದಿಂದ ಹೇಳುತ್ತಿದ್ದನೋ. ನಮ್ಮವರು ಅರ್ಥವಾಗದೆಯೂ ನಕ್ಕು, ಕಾಲಿನ ಕೆಳಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಆ ಊರಿನ ಹೆಸರುವಾಸಿ ಹೊಗೆ ವಾಸನೆಯ ಬಿಯರ್ ಕುಡಿಯಲು ಹೋದರು. ಕಡೂರಿನ ತೆಂಗಿನ ತೋಟದ ಧಣಿಯೊಬ್ಬರು ಒಂದು ಗುಟುಕು ಕುಡಿದು, "ಥೂ, ಸುಟ್ಟ ಬದ್ನೇಕಾಯಿ ವಾಸ್ನೆ ಕಣ್ರೀ" ಎಂದು ಇನ್ನೆರಡು ತರಿಸಿದರು. ಸಂಸ್ಕೃತಿಯ ದರ್ಶನ ಅಂದರೆ ಇಷ್ಟೇ. ನಾನೂ ಅವರಿಗಿಂತ ಮೇಲಿನವನಾಗಿರಲಿಲ್ಲ. ಅವರು ಬಿಯರಿಗೆ ಹಾತೊರೆಯುತ್ತಿದ್ದರು, ನಾನು ಆ ಸವಾರನಿಗೆ.

ವರ್ತಕರು ತಂಬಿಗೆ ಹಿಡಿದುಕೊಂಡು ನನ್ನ ಹಿಂದೆಯೇ ಬರುತ್ತಿದ್ದರು.

"ಮೇಷ್ಟ್ರೇ, ಎಲ್ಲಿ ಆ ಒಳ್ಳೇ ಜಾಗ?"

"ಇಲ್ಲೇ ಮುಂದೆ."

ಹೀಗೆ ಮೂರೋ ನಾಲ್ಕೋ ಸಲ ಆಯಿತು. ನದಿಗೆ ಇಳಿಯಲು ಮೆಟ್ಟಿಲು ಕಾಣಲಿಲ್ಲ. ಹೋಟೆಲಿನವನು ನೀರು ಕೊಡುತ್ತಿದ್ದ, ಬಚ್ಚಲ ಕಡೆ ಕೈ ತೋರಿಸುತ್ತಿದ್ದ; ಅಲ್ಲಿ ಕೂತು ಪೂಜೆ ಆಗುವುದಿಲ್ಲ ಎಂದರು ವರ್ತಕರು. ನನಗೆ ರೇಗಿತು. ಸಾವಿರಾರು ಮೈಲಿ ಬಂದು ನಾನು ನೋಡುತ್ತಿರುವುದು ನಲ್ಲಿಗಳನ್ನು! "ಒಂದ್ ದಿನ ಬಿಟ್ರೆ ಏನಾಗುತ್ತೆ ಯಜಮಾನ್ರೇ?" ಅಂದುಬಿಟ್ಟೆ. ಅವರು ಒಣಗಿದ ತುಟಿಯನ್ನು ಟವೆಲ್ಲಿನಲ್ಲಿ ಒರೆಸಿಕೊಂಡರು.

ಕೊನೆಗೆ ಗುಡ್ಡ ಹತ್ತಿ ಚರ್ಚಿಗೆ ಬಂದೆವು. ಬಾಗಿಲ ಒಳಗೆ ಕಲ್ಲಿನ ಬೋಗುಣಿಯಲ್ಲಿ ನೀರಿತ್ತು. ಅಲ್ಲಿಯ ಭಕ್ತರು ಬೆರಳದ್ದಿ ಹಣೆಗೆ ಮುಟ್ಟಿಸಿಕೊಳ್ಳುವ ನೀರು. ವರ್ತಕರ ಮುಖ ಅರಳಿತು. "ನೋಡಿ, ಎಂಥ ಬುದ್ಧಿವಂತ ಜನ. ಪೂಜೆಗೆ ಬಂದೋರಿಗೆ ಅಂತ ನೀರು ಇಟ್ಟವ್ರೆ!" ಎಂದು, ನಾನು ಬಾಯಿ ತೆರೆಯುವಷ್ಟರಲ್ಲಿ ತಂಬಿಗೆ ಅದ್ದಿ ತುಂಬಿಸಿಕೊಂಡೇಬಿಟ್ಟರು. ಪಕ್ಕದ ಗೋಡೆಯ ಹತ್ತಿರ ಟವೆಲ್ ಹಾಸಿ, ಚಪ್ಪಲಿ ದೂರ ಬಿಟ್ಟು, ಚಕ್ಕಂಬಕ್ಕಲ ಹಾಕಿ ಕೂತರು. ಅಂಗಿಯ ಗುಂಡಿ ಬಿಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಊರಿನಿಂದ ತಂದಿದ್ದ ಒಣಗಿದ ಬಿಲ್ವಪತ್ರೆಯ ಪೊಟ್ಟಣ ಬಿಚ್ಚಿದರು.

ನಾನು ಏನು ಮಾಡಿದೆ? ಹೋಗಿ ಆ ಸವಾರನ ಕೆಳಗೆ ನಿಂತೆ, ಅವರಿಗೆ ಬೆನ್ನು ಹಾಕಿ. ಕಲ್ಲಿನ ಕುದುರೆಯ ಕಿವಿಯನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಾರರು. ಹಿಂದೆ ಕ್ಯಾಮೆರಾಗಳ ಸದ್ದು ಶುರುವಾಯಿತು. ಅಮೆರಿಕದವರೋ ಯಾರೋ, ಸವಾರನನ್ನು ಬಿಟ್ಟು ವರ್ತಕರ ಸುತ್ತ ನೆರೆದಿದ್ದರು. ಏಳೂವರೆ ನೂರು ವರ್ಷದ ಶಿಲ್ಪ ನೋಡಲು ಬಂದವರಿಗೆ ಅಂಗೈ ಮೇಲೆ ನೀರು ಹನಿಸುವ ಮುದುಕ ಸಿಕ್ಕರೆ ಸಾಕಾಗಿತ್ತು. ಚರ್ಚು ನೋಡಿಕೊಳ್ಳುವ ಮುದುಕಿಯೊಬ್ಬಳು, ಕೈಯಲ್ಲಿ ಬೀಗದ ಕೈ ಗೊಂಚಲು, ನೇರ ನನ್ನ ಹತ್ತಿರ ಬಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು, ಅವರು ನಿಮ್ಮವರೇ?

"ಅದೇ ಬಸ್ಸಿನಲ್ಲಿ ಬಂದವರು" ಅಂದೆ.

ಸುಳ್ಳಲ್ಲ. ಅದಕ್ಕೇ ಇನ್ನೂ ಹೇಸಿಗೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ ಅತ್ತ ಹೋದಳು. ಎಬ್ಬಿಸಿ ಕಳಿಸುತ್ತಾಳೆ ಅಂದುಕೊಂಡು ತಿರುಗಿ ನೋಡಿದೆ. ಅವಳು ವರ್ತಕರ ಮುಂದೆ, ಕ್ಯಾಮೆರಾಗಳಿಗೆ ಎದುರಾಗಿ, ಎರಡು ಕೈ ಅಗಲಿಸಿ ನಿಂತಿದ್ದಳು. ಏನೋ ಗದರಿದಳು. ಜನ ಚದುರಿದರು. ಪೂಜೆ ಮುಗಿದು, ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿ ಇಡುವವರೆಗೂ ಅವಳು ಅಲ್ಲಾಡಲಿಲ್ಲ. ಅವರು ಎದ್ದು ಅವಳಿಗೆ ಕೈ ಮುಗಿದರು. ಆಮೇಲೆ ನನ್ನ ಹತ್ತಿರ ಬಂದು, "ಆಯ್ತು ಮೇಷ್ಟ್ರೇ, ಈಗ ಏನಾದ್ರೂ ತಿನ್ನಾಣ" ಅಂದರು. ಅಷ್ಟೇ.

ಊರಿಗೆ ಬಂದ ಮೇಲೆ ನನ್ನ ಸ್ಲೈಡು ಭಾಷಣಗಳು ಶುರುವಾದವು. ನಮ್ಮ ಕಡೆ ವಿದೇಶಕ್ಕೆ ಹೋಗಿ ಬಂದವನಿಗೆ ಶಾಲು ಹೊದಿಸದೆ ಬಿಡುವುದಿಲ್ಲ, ಅವನೂ ಭಾಷಣ ಮಾಡದೆ ಬಿಡುವುದಿಲ್ಲ. ಗೋಪುರ, ಕಮಾನು, ಶೈಲಿ ಎಂದು ನಾನು ಅರಚುತ್ತಿದ್ದರೆ ಮುಂದಿನ ಸಾಲಿನವರು, ಅಲ್ಲಿ ಕಡಲೆಕಾಯಿ ಬೆಳೆಯುತ್ತಾರೋ ಎಂದು ಕೇಳುತ್ತಿದ್ದರು. ಅಜ್ಜಂಪುರದ ಸಭೆಗೆ ಅದೇ ವರ್ತಕರು ಅಧ್ಯಕ್ಷರು. ಚರ್ಚಿನ ಒಳಭಾಗದ ಚಿತ್ರ ಬಂದಾಗ ಅವರು ಎದ್ದು ನಿಂತು, "ಇಲ್ಲೇ ನಾನು ಪೂಜೆ ಮಾಡಿದ್ದು. ಜನ ಮುತ್ಕಂಡ್ರು. ನಮ್ ಮೇಷ್ಟ್ರು ಅಡ್ಡ ನಿಂತು ಒಬ್ಬನ್ನೂ ಹತ್ರ ಬಿಡ್ಲಿಲ್ಲ" ಅಂದರು. ಚಪ್ಪಾಳೆ ಬಿತ್ತು. ನಾನು ಮುಂದಿನ ಸ್ಲೈಡು ಹಾಕಿದೆ.

ಎರಡು ದಿನ ತಡೆದು ಅವರ ಮಂಡಿಗೆ ಹೋದೆ. ಅವರು ಕೊಬ್ಬರಿ ರಾಶಿಯ ಪಕ್ಕ ಕೂತಿದ್ದರು.

"ಯಜಮಾನ್ರೇ, ಅವತ್ತು ಅಡ್ಡ ನಿಂತಿದ್ದು ನಾನಲ್ಲ."

"ಗೊತ್ತು ಕಣ್ರೀ. ನಂಗೇನು ಕಣ್ಣಿರ್ಲಿಲ್ವಾ? ನೀವು ಕುದ್ರೆ ನೋಡ್ತಿದ್ರಿ."

"ಮತ್ತೆ ಸಭೇಲಿ ಹಂಗ್ಯಾಕೆ ಅಂದ್ರಿ? ನನ್ನ ಮಾನ ಉಳಿಸೋಕಾ?"

ಅವರು ನಕ್ಕರು. "ನಿಮ್ ಮಾನ ಯಾರಿಗ್ ಬೇಕು ಬಿಡಿ. ಸೊಸೆ, ಮೊಮ್ಮಕ್ಳು ಮುಂದೆ ಕೂತಿದ್ರು. ಮಠದೋರೂ ಬಂದಿದ್ರು. ಪರದೇಶದಾಗೆ ನಮ್ಮೋರು ಅಂತ ಒಬ್ರೂ ಹತ್ರ ನಿಲ್ಲಲಿಲ್ಲ, ದಿಕ್ಕಿಲ್ದೋನಂಗೆ ಕೂತಿದ್ದೆ ಅಂತ ಹೇಳ್ಕಳ್ಳಾ? ಅದು ನನ್ ಮರ್ಯಾದೆ. ಈಗ ನೀವು ದೊಡ್ ಸತ್ಯವಂತ ಆಗಕ್ಕೋಗಿ ಅದನ್ನ ಕಳೀಬ್ಯಾಡಿ. ಕೇಳಿದ್ರೆ ನಿಂತಿದ್ದೆ ಅನ್ನಿ, ಸಾಕು."

ತಪ್ಪೊಪ್ಪಿಕೊಂಡು ಹಗುರಾಗಿ ಬರೋಣ ಎಂದು ಹೋದವನು ನಾನು. ಅದಕ್ಕೂ ಅವರು ಬಿಡಲಿಲ್ಲ. ಈ ಮಾತುಕತೆಯನ್ನು ಆ ಸಂಜೆಯೇ ಡೈರಿಯಲ್ಲಿ ಬರೆದಿದ್ದೇನೆ, ಇದನ್ನಾದರೂ ನಂಬಬಹುದು.

ಮುಂದಿನ ತಿಂಗಳು ತರೀಕೆರೆಯಲ್ಲಿ ಭಾಷಣವಿತ್ತು. ನಾನು ಅಡ್ಡ ನಿಂತಿದ್ದೆನೆಂಬ ಸುದ್ದಿ ಅಲ್ಲಿಗೂ ತಲುಪಿತ್ತು. ಭಾಷಣ ಮುಗಿದ ಮೇಲೆ ಒಬ್ಬ ಹೆಂಗಸು ಎದ್ದು ನಿಂತು ಕೇಳಿದಳು, "ಮೇಷ್ಟ್ರೇ, ಅಷ್ಟೊಂದು ಬಿಳೀ ಜನ ಸುತ್ತ ಇದ್ರಂತಲ್ಲ, ನಿಮಗೆ ನಾಚ್ಕೆ ಆಗ್ಲಿಲ್ವಾ?"

ಆ ಪ್ರವಾಸದಲ್ಲಿ ವರ್ತಕರು ನನ್ನನ್ನು ಕೇಳಿದ್ದು ಹತ್ತು ನಿಮಿಷ, ಒಂದು ಜಾಗ. ಎರಡನ್ನೂ ನಾನು ಕೊಟ್ಟಿರಲಿಲ್ಲ.

"ನಾಚ್ಕೆ ಯಾಕಮ್ಮ? ನಮ್ಮೋರು ತಾನೇ" ಅಂದೆ. ನಾಲಗೆ ತಡವರಿಸಲಿಲ್ಲ.