ಬೂದು ಛಾವಣಿ, ಕೆಂಪು ಹೆಂಚು

ನಮ್ಮ ಮನೆಯವರು ಬಡಗಿ. ಕೆಲಸ ಟೀವಿ ಚಾನೆಲ್ಲಿನಲ್ಲಿ. ಅಲ್ಲಿ ಬಡಗಿಗೇನು ಕೆಲಸ ಎಂದು ಹುಬ್ಬೇರಿಸುವವರಿಗೆ ನಾನು ಹೇಳುವುದಿಷ್ಟೇ: ನೀವು ನೋಡುವ ಹೊಳೆಯುವ ಮೇಜು, ಹಿಂದಿನ ಗೋಡೆ, ನಿರೂಪಕ ಏರಿ ನಿಲ್ಲುವ ಕಟ್ಟೆ, ಎಲ್ಲವೂ ಪ್ಲೈವುಡ್ಡು. ಮುಂದೆ ಬಣ್ಣ, ಹಿಂದೆ ಮೊಳೆ. ಅಲ್ಲಿ ಇವರನ್ನು ಮೇಸ್ತ್ರಿ ಎನ್ನುತ್ತಾರೆ. ಕೈಯೇನೋ ಬಂಗಾರ, ಬಾಯಿ ಮಾತ್ರ ಇಲ್ಲ. ಯಾರಿಗೂ ಆಗುವುದಿಲ್ಲ ಎಂದು ಹೇಳಿ ಗೊತ್ತಿಲ್ಲ. ಮಗಳ ಶಾಲೆಯಿಂದ ದೂರು ಬಂದರೂ, ಮನೆ ಮಾಲೀಕ ಕೂಗಾಡಿದರೂ ಫೋನನ್ನು ನನ್ನ ಕಡೆ ಚಾಚಿಬಿಡುತ್ತಾರೆ. ಮದುವೆಯಾದಾಗಿನಿಂದ ಈ ಮನೆಯ ಬಾಯಿ ನಾನೇ.

ದೂರದ ಎರಡು ದೇಶಗಳು ಹೊಡೆದಾಡಲು ಶುರುಮಾಡಿದಾಗ ಚಾನೆಲ್ಲಿನವರು ಅದಕ್ಕೆ ದೊಡ್ಡ ಯುದ್ಧ ಎಂದು ಹೆಸರಿಟ್ಟು, ಮೇಜಿನ ಮೇಲೊಂದು ಪುಟ್ಟ ಊರು ಕಟ್ಟಿಕೊಡು ಎಂದು ಇವರಿಗೆ ಹೇಳಿದರು. ಕಟ್ಟಿದರು. ಕೆಂಪು ಹೆಂಚಿನ ಮನೆಗಳು, ಒಂದು ಸೇತುವೆ, ಆಟಿಕೆ ಟ್ಯಾಂಕುಗಳು. ನಿರೂಪಕ ಕೋಲು ಹಿಡಿದು ಅದರ ಸುತ್ತ ದಿನಾ ಗುಡುಗುತ್ತಿದ್ದ. ನಾನು ಅವನನ್ನು ಗುಡುಗಪ್ಪ ಎಂದೇ ಕರೆಯುತ್ತಿದ್ದೆ. ಅವನು ಗುಡುಗಿದ್ದಕ್ಕೇ ಸರ್ಕಾರ ಎಚ್ಚೆತ್ತು, ಅಲ್ಲಿ ಸಿಕ್ಕಿಬಿದ್ದ ನಮ್ಮ ಜನರನ್ನು ಕರೆತರಲು ವಿಮಾನ ಕಳಿಸಿತು. ಅದು ಸುಳ್ಳಲ್ಲ.

ನನ್ನ ನಾದಿನಿ ಸಿಕ್ಕಿಬಿದ್ದದ್ದು ಬೇರೆ ಯುದ್ಧದಲ್ಲಿ. ಅವಳು ನರ್ಸು. ಅವಳಿದ್ದ ದೇಶದಲ್ಲೂ ಬಾಂಬು ಬೀಳುತ್ತಿತ್ತು, ಟಿಕೆಟ್ಟಿನ ವಿಮಾನಗಳೆಲ್ಲ ನಿಂತುಹೋಗಿದ್ದವು. ಅವಳ ಜೊತೆ ನಮ್ಮ ಕಡೆಯ ಇನ್ನೂ ಕೆಲವು ನರ್ಸುಗಳು ದಾರಿ ಕಾಣದೆ ಕೂತಿದ್ದರು. ಚಾನೆಲ್ಲಿನವರ ಬಾಯಲ್ಲಿ ಅದು ಸಣ್ಣ ಯುದ್ಧ. ಅಲ್ಲಿಯವರೇನು ಸಣ್ಣಗೆ ಸಾಯುತ್ತಿದ್ದರೇ? ನನಗೂ ನಾದಿನಿಗೂ ಅಷ್ಟಕ್ಕಷ್ಟೇ. ನನ್ನ ಅಡುಗೆಯ ಉಪ್ಪಿನ ವಿಚಾರವನ್ನು ಅವಳು ದೇಶ ಬಿಟ್ಟು ಹೋದಮೇಲೂ ಬಿಡಲಿಲ್ಲ. ಆದರೂ ಫೋನಿನಲ್ಲಿ ಅವಳ ಮಾತಿನ ಹಿಂದೆ ಬಾಂಬಿನ ಸದ್ದು ಕೇಳಿದಾಗೆಲ್ಲ ಒಲೆ ಆರಿಸಿ ಬಂದು ಫೋನಿನ ಹತ್ತಿರ ಕೂರುತ್ತಿದ್ದೆ.

"ನಿಮ್ಮ ಗುಡುಗಪ್ಪನಿಗೆ ಹೇಳ್ರೀ. ಅವನೊಂದು ಸಲ ಗುಡುಗಿದ್ರೆ ಅಲ್ಲಿಗೂ ವಿಮಾನ ಹೋಗುತ್ತೆ," ಎಂದು ಇವರ ಬೆನ್ನು ಹತ್ತಿದೆ.

ಹೇಗೋ ಬಾಯಿ ಬಿಟ್ಟು ಕೇಳಿದರು. ಅವನು ಭುಜದ ಮೇಲೆ ಕೈಹಾಕಿ ಬುದ್ಧಿ ಹೇಳಿದನಂತೆ: "ಅಲ್ಲಿ ಯಾರು ಯಾರಿಗೆ ಹೊಡೀತಿದಾರೆ ಅನ್ನೋದೇ ಜನಕ್ಕೆ ಗೊತ್ತಿಲ್ಲ ಮೇಸ್ತ್ರಿ. ನಮ್ಮ ದೊಡ್ಡ ಯುದ್ಧದಲ್ಲಾದ್ರೆ ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು, ನೋಡೋರು ಒಂದು ಕಡೆ ನಿಂತ್ಕೋಬಹುದು. ಅಲ್ಲಿಗೆ ವರದಿಗಾರನ್ನ ಕಳಿಸೋಕೆ ಮಾಲೀಕರು ಒಪ್ಪಲ್ಲ, ಜಾಹೀರಾತಿನವರು ತಿರುಗಿ ನೋಡಲ್ಲ. ತೋರಿಸೋಕೆ ಚಿತ್ರ ಇಲ್ಲದೆ ಏನಂತ ಹೇಳಲಿ? ನೀನೇ ಏನಾದ್ರೂ ಮಾಡ್ಕೊಂಡು ಬಾ. ಶುಕ್ರವಾರ ಅರ್ಧ ಗಂಟೆ ನಿನ್ನ ತಂಗಿಗೇ. ನನ್ನ ಮಾತು ಅಂದ್ರೆ ಮಾತು."

ಇವರು ನಂಬಿದರು. ಬಾಯಿ ಜೋರಿನ ನಾನೂ ನಂಬಿದೆ.

ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ನಾದಿನಿ ಫೋನಿನಲ್ಲಿ ಹೇಳುತ್ತಿದ್ದಳು, ಇವರು ಕತ್ತರಿಸಿ ಅಂಟಿಸುತ್ತಿದ್ದರು. ಚಪ್ಪಟೆ ಬೂದು ಛಾವಣಿಯ ಆಸ್ಪತ್ರೆ, ಅದರ ತಲೆಯ ಮೇಲೆ ವಾಲಿಕೊಂಡ ನೀರಿನ ಟ್ಯಾಂಕು, ಎದುರಿಗೆ ಮುಚ್ಚಿದ ಬೇಕರಿ, ಹಿಂದೆ ನರ್ಸುಗಳು ಉಳಿದುಕೊಂಡ ಕಟ್ಟಡ. "ನನ್ನ ಕಿಟಕಿಗೆ ಹಸಿರು ಪರದೆ ಇದೆ ಅತ್ತಿಗೆ," ಎಂದಳು. ನನ್ನ ಒಳ್ಳೆಯ ರವಿಕೆಯೊಂದರ ಒಳಮಡಿಕೆಯನ್ನೇ ಕತ್ತರಿಸಿ ಬೆರಳಗಲದ ಪರದೆ ಹೊಲಿದೆ. ಅತ್ತೆಯದು ಬೇರೆಯೇ ಹಟ. "ಒಳಗೊಂದು ಮಂಚ ಇಡೋ. ನನ್ನ ಮಗು ಎಲ್ಲಿ ಮಲಗ್ಬೇಕು?" ಹೊರಗಿನಿಂದ ಯಾರಿಗೂ ಕಾಣದ ಮಂಚಕ್ಕೆ ಇವರು ಬೆಂಕಿಕಡ್ಡಿಯ ಕಾಲು ಕೂರಿಸಿದರು. ಪ್ರತಿಯೊಂದರ ಫೋಟೋ ನಾದಿನಿಗೆ ಹೋಯಿತು. ಜೊತೆಯ ನರ್ಸುಗಳಿಗೆಲ್ಲ ಅವಳು ತೋರಿಸಿದಳಂತೆ. ಶುಕ್ರವಾರ ನಮ್ಮ ಸುದ್ದಿ ಬರುತ್ತೆ, ಆಮೇಲೆ ವಿಮಾನ ಬರುತ್ತೆ ಎಂದು ಅವರೂ ದಿನ ಎಣಿಸುತ್ತಿದ್ದರಂತೆ.

ಶುಕ್ರವಾರ ಬೆಳಿಗ್ಗೆ ಇವರು ಊರನ್ನು ಹಳೆಯ ಬೆಡ್‌ಶೀಟಿನಲ್ಲಿ ಮುಚ್ಚಿ ಸ್ಟುಡಿಯೋಗೆ ಒಯ್ದರು. ಸಂಜೆ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಅತ್ತೆ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು.

ಗುಡುಗಪ್ಪ ಬಂದ. ಪರದೆಯ ತುಂಬ ದೊಡ್ಡ ಯುದ್ಧದ ಊರಿನ ಹೆಸರು. ಮೊದಲು ಅದು ಮುಗಿಯಲಿ, ಆಮೇಲೆ ನಮ್ಮದು ಬರುತ್ತದೆ ಎಂದುಕೊಂಡೆ. ಮೇಜಿನ ಮೇಲೆ ಕೆಂಪು ಹೆಂಚಿನ ಮನೆಗಳಿದ್ದವು. ಪಕ್ಕದ ಮನೆಯಾಕೆ, "ಎಷ್ಟು ಚೆನ್ನಾಗಿದೆ, ಅಲ್ವಾ?" ಎಂದಳು. ಕ್ಯಾಮೆರಾ ಹತ್ತಿರ ಸರಿಯಿತು. ವಾಲಿದ ನೀರಿನ ಟ್ಯಾಂಕು ಕಂಡಿತು. ಮುಚ್ಚಿದ ಬೇಕರಿ ಕಂಡಿತು. ಕೆಂಪು ಹೆಂಚಿನ ಕೆಳಗೆ, ಕಿಟಕಿಯಲ್ಲಿ, ನನ್ನ ರವಿಕೆಯ ಬಟ್ಟೆ ತೂಗುತ್ತಿತ್ತು.

"ನೋಡಿ, ಇಲ್ಲೇ ಇದೆ ಶತ್ರುಗಳ ಅಡಗುತಾಣ!" ಎಂದು ಗುಡುಗಿದವನು ಕೋಲಿನಿಂದ ಆ ಕಟ್ಟಡಕ್ಕೆ ಬೀಸಿ ಹೊಡೆದ. ಗೋಡೆ ಮುರಿದು, ಒಳಗಿದ್ದದ್ದು ಹೊರಗೆ ಉರುಳಿತು.

"ಅದು ನಮ್ಮ ಮಂಚ ಅಲ್ವೇನೇ?" ಎಂದರು ಅತ್ತೆ.

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಹುಡುಗಿಯನ್ನು ತೋರಿಸಲು ಚಾನೆಲ್ಲಿನವರಿಗೆ ಚಿತ್ರವಿರಲಿಲ್ಲ. ಚಿತ್ರ ಮಾಡಿಕೊಟ್ಟರೆ ಅದನ್ನೂ ದೊಡ್ಡ ಯುದ್ಧಕ್ಕೇ ಎಳೆದುಕೊಂಡರು. ಇವರು ಮನೆಗೆ ಬರುವವರೆಗೆ ಗುಡುಗಪ್ಪನ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಇವರ ಬೆನ್ನು ಸವರಿ ಸಮಾಧಾನ ಮಾಡಬೇಕೆಂದೂ ಅಂದುಕೊಂಡಿದ್ದೆ.

ಬಂದರು. ನೀರಿನ ಲೋಟ ಕೊಡುವಾಗ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಬಣ್ಣ.

"ಹೆಂಚು ಹಾಕಿದ್ದು ನೀವೇನಾ?"

"ದೊಡ್ಡ ಯುದ್ಧದ ಊರಿನ ಹಳೇ ಮಾಡೆಲ್ಲು ಮುರಿದುಹೋಗಿತ್ತು. ಅಲ್ಲಿ ಇವತ್ತು ಏನೋ ದೊಡ್ಡ ದಾಳಿಯಂತೆ. ಇದಕ್ಕೇ ಹೆಂಚು ಹೊದಿಸು ಮೇಸ್ತ್ರಿ, ಮುಂದಿನ ವಾರ ಕಿತ್ತುಹಾಕಿ ನಿಮ್ಮದನ್ನೇ ಮಾಡೋಣ ಅಂದ್ರು."

"ನೀವು ಹೊದಿಸಿದ್ರಿ."

"ನಾನಲ್ದಿದ್ರೆ ಬೇರೆಯವನು ಹೊದಿಸ್ತಿದ್ದ ಕಣೇ."

"ಬೇರೆಯವನು ಹೊದಿಸಿದ್ರೆ ಈಗ ನಿಮ್ಮ ಪಕ್ಕ ಕೂತು ನಾನೂ ಅಳ್ತಿದ್ದೆ," ಎಂದೆ. ಗುಡುಗಪ್ಪ ಹೊರಗಿನವನು. ಅವನು ಮೋಸ ಮಾಡಿದರೆ ಬೈಯಬಹುದು. ಇವರನ್ನು ಏನೆಂದು ಬೈಯುವುದು? ಕಿಟಕಿಯ ಹಸಿರು ಪರದೆ ಬಿಚ್ಚಬೇಕೆಂದೂ ಇವರಿಗೆ ತೋಚಲಿಲ್ಲವಲ್ಲ.

ಆಗ ಫೋನು ಬಂತು. ನಾದಿನಿಯದು. ಇವರು ಸ್ಪೀಕರ್ ಒತ್ತಿದರು. ಅವಳ ಸುತ್ತ ತುಂಬ ಜನರಿದ್ದ ಸದ್ದು ಕೇಳುತ್ತಿತ್ತು.

"ನೋಡಿದ್ವಿ ಅಣ್ಣ. ಒಬ್ಬಳ ಫೋನಲ್ಲಿ ಸಿಗ್ನಲ್ ಸಿಕ್ತು, ಎಲ್ಲರೂ ಒಟ್ಟಿಗೆ ನೋಡಿದ್ವಿ. ಹೆಂಚು ಸಾಲಾಗಿ ಕೂತಿತ್ತು, ಒಂದೂ ಓರೆ ಇರ್ಲಿಲ್ಲ. ನಿನ್ನ ಕೈಕೆಲಸ ಅಂತ ನೋಡಿದ ತಕ್ಷಣ ಗೊತ್ತಾಯ್ತು."

ಇವರು ಉಗುರಿನ ಕೆಂಪು ಬಣ್ಣ ಕೆರೆಯತೊಡಗಿದರು.

"ಇಲ್ಲಿ ಎಲ್ಲರೂ ನನ್ನ ಮುಖಾನೇ ನೋಡ್ತಿದಾರೆ ಅಣ್ಣ. ಏನು ಹೇಳ್ಲಿ?"

ಇವರು ನನ್ನ ಮುಖ ನೋಡಿದರು. ಎಂದಿನಂತೆ ಫೋನನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.